ಮದುವೆಯ ಬ್ಲೂ-ರೇ ಡಿಸ್ಕನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆ

ನಮ್ಮ ಅಕ್ಕನ ಮದುವೆಯ ವಿಡಿಯೊ ಎರಡು ಬ್ಲೂ-ರೇ ಡಿಸ್ಕುಗಳಲ್ಲಿದೆ. ಚಿಕ್ಕಮಗಳೂರಿನ ಮಳೆಗಾಲ ಕಳೆದ ಮೇಲೆ ಬೀರುವಿನಿಂದ ತೆಗೆದು ಬೆಳಕಿಗೆ ಹಿಡಿದಾಗ, ಒಂದು ಡಿಸ್ಕಿನ ಹೊಳೆಯುವ ಮೈ ಉಸಿರು ತಾಗಿದ ಕನ್ನಡಿಯಂತೆ ಮಬ್ಬಾಗಿತ್ತು. ಅಂಚಿನಲ್ಲಿ ಬೂಷ್ಟಿನ ಚುಕ್ಕೆಗಳೂ ಕಂಡವು. ಮಲೆನಾಡಿನ ತೇವದಲ್ಲಿ ಇಂಥ ಡಿಸ್ಕುಗಳನ್ನು ಇಟ್ಟುಕೊಂಡಿರುವವರು ಇನ್ನೊಂದು ಮಳೆಗಾಲ ಬರುವುದರೊಳಗೆ ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂಬುದು ನನ್ನ ಕಳಕಳಿ.

ಮೊದಲು ಡಿಸ್ಕನ್ನು ಒರೆಸಬೇಕು. ಡಿವಿಡಿಯಲ್ಲಿ ಮಾಹಿತಿಯ ಪದರವು ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿದ್ದರೆ, ಬ್ಲೂ-ರೇಯಲ್ಲಿ ಕೇವಲ 0.1 ಮಿಲಿಮೀಟರ್ ಒಳಗಿರುತ್ತದೆ. ಆದುದರಿಂದ ಸೀರೆಯ ಸೆರಗಿನಲ್ಲೋ ಅಂಗಿಯ ತುದಿಯಲ್ಲೋ ಉಜ್ಜುವುದು ಸಲ್ಲದು. ಮೆತ್ತನೆಯ ಬಟ್ಟೆಯನ್ನು ಸ್ವಲ್ಪವೇ ಒದ್ದೆ ಮಾಡಿ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಬೇಕು. ಸುತ್ತುಸುತ್ತಾಗಿ ಒರೆಸುವಾಗ ಗೀರು ಬಿದ್ದರೆ ಅದು ಮಾಹಿತಿಯ ಸಾಲಿನುದ್ದಕ್ಕೂ ಹರಿದು, ಡ್ರೈವ್ ಸರಿಪಡಿಸಿಕೊಳ್ಳಲಾಗದಷ್ಟು ಭಾಗವನ್ನು ಅಳಿಸುತ್ತದೆ.

ಹಳೆಯ ಡಿವಿಡಿ ಡ್ರೈವ್ ಈ ಕೆಲಸಕ್ಕೆ ಬಾರದು. ಅದರ ಕೆಂಪು ಲೇಸರಿನ ತರಂಗಾಂತರ 650 ನ್ಯಾನೊಮೀಟರ್, ಬ್ಲೂ-ರೇಗೆ ಬೇಕಾದದ್ದು 405. ಯುಎಸ್‌ಬಿಗೆ ಜೋಡಿಸುವ ಬ್ಲೂ-ರೇ ಡ್ರೈವೊಂದನ್ನು ಕೊಳ್ಳಬೇಕು, ಇಲ್ಲವೇ ಎರಡು ದಿನಕ್ಕೆ ಯಾರಿಂದಲಾದರೂ ಕೇಳಿ ತರಬೇಕು.

ಬಹಳ ಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಡ್ರೈವಿನಲ್ಲಿರುವ ಡಿಸ್ಕಿನಿಂದಲೇ ನೇರವಾಗಿ ವಿಡಿಯೊವನ್ನು ಬೇರೆ ರೂಪದ ಕಡತಕ್ಕೆ ಪರಿವರ್ತಿಸಲು ತೊಡಗಿದರೆ ಗಂಟೆಗಟ್ಟಲೆ ಡಿಸ್ಕ್ ತಿರುಗುತ್ತಿರುತ್ತದೆ. ನಡುವೆ ಕರೆಂಟು ಹೋದರೆ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಅದಕ್ಕೆ ಬದಲಾಗಿ ಡಿಸ್ಕಿನೊಳಗಿನ ಬಿಡಿಎಂವಿ ಎಂಬ ಫೋಲ್ಡರನ್ನು ಇಡಿಯಾಗಿ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಒಂದು ಪದರದ ಡಿಸ್ಕಿನಲ್ಲಿ 25 ಜಿಬಿ, ಎರಡು ಪದರದ್ದರಲ್ಲಿ 50 ಜಿಬಿ ಹಿಡಿಯುತ್ತದೆ. ಅಷ್ಟು ಜಾಗವನ್ನು ಮೊದಲೇ ತೆರವು ಮಾಡಿಟ್ಟುಕೊಳ್ಳಬೇಕು. ಪೆನ್‌ಡ್ರೈವಿಗೆ ಹಾಕಲು ಹೋಗಿ, ಜಾಗವಿದ್ದರೂ ನಕಲಾಗುತ್ತಿಲ್ಲವೆಂದು ಕಂಗಾಲಾಗುವವರಿದ್ದಾರೆ. ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಕಡತವನ್ನು ಸ್ವೀಕರಿಸುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಆ ತೊಡಕಿಲ್ಲ.

ನಕಲಾದ ಬಳಿಕ ಬಿಡಿಎಂವಿಯೊಳಗಿನ ಸ್ಟ್ರೀಮ್ ಫೋಲ್ಡರಿನಲ್ಲಿರುವ ಎಂ2ಟಿಎಸ್ ಎಂಬ ವಿಡಿಯೊ ಕಡತಗಳನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದು ಆರಂಭ, ನಡು, ಕೊನೆಗಳನ್ನು ನೋಡಬೇಕು. ಚಿತ್ರ ತಡವರಿಸದೆ ಓಡಿದರೆ ಮರು-ಎನ್‌ಕೋಡಿಂಗ್, ಅಂದರೆ ಚಿತ್ರವನ್ನು ಹೊಸದಾಗಿ ಸಂಕುಚಿಸುವ ಕೆಲಸ, ಬೇಕಾಗಿಯೇ ಇಲ್ಲ. ಮೇಕ್‌ಎಂಕೆವಿ ತಂತ್ರಾಂಶವು ಈ ತುಂಡುಗಳನ್ನು ಸರಿಯಾದ ಅನುಕ್ರಮದಲ್ಲಿ ಪೋಣಿಸಿ ಒಂದೇ ಎಂಕೆವಿ ಕಡತವಾಗಿ ಕೊಡುತ್ತದೆ. ಇದರಲ್ಲಿ ಬದಲಾಗುವುದು ಹೊರಗಿನ ಡಬ್ಬಿಯಷ್ಟೆ, ಒಳಗಿನ ಚಿತ್ರ ಮತ್ತು ಧ್ವನಿ ಇದ್ದಂತೆಯೇ ಉಳಿಯುತ್ತವೆ.

ಕಡತ ಚಿಕ್ಕದಾಗಬೇಕಿದ್ದರೆ ಅಥವಾ ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ತಡೆತಡೆದು ಬರುತ್ತಿದ್ದರೆ ಆ ಎಂಕೆವಿಯನ್ನು ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆಯ ತಂತ್ರಾಂಶಕ್ಕೆ ಕೊಡಬೇಕು. ಎನ್‌ಕೋಡರ್, ಅಂದರೆ ಚಿತ್ರವನ್ನು ಸಂಕುಚಿಸುವ ವಿಧಾನ, ಎಚ್.264 ಆಗಿರಲಿ, ಎಚ್.265 ಇನ್ನೂ ಚಿಕ್ಕ ಕಡತ ಕೊಡುತ್ತದೆಯಾದರೂ ಹಳೆಯ ಕಂಪ್ಯೂಟರಿಗೆ ಅದು ಭಾರ. ಗುಣಮಟ್ಟವನ್ನು ನಿರ್ಧರಿಸುವ ಆರ್‌ಎಫ್ ಎಂಬ ಸಂಖ್ಯೆಯನ್ನು 20ಕ್ಕೆ ಇಡುವುದು ನನ್ನ ರೂಢಿ. ಈ ಸಂಖ್ಯೆ ಇಳಿದಷ್ಟೂ ಚಿತ್ರ ಚೊಕ್ಕವಾಗುತ್ತದೆ, ಕಡತವೂ ಹಿಗ್ಗುತ್ತದೆ.

ಮದುವೆಯ ವಿಡಿಯೊಗಳಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಇಂಟರ್‌ಲೇಸ್. 1080ಐ ಎಂಬ ಇಂಟರ್‌ಲೇಸ್ ವಿಧಾನದಲ್ಲಿ ಚಿತ್ರೀಕರಿಸಿದ್ದರೆ ಪ್ರತಿ ಚಿತ್ರವೂ ಬೆಸ ಗೆರೆಗಳು, ಸರಿ ಗೆರೆಗಳು ಎಂದು ಎರಡು ಪಾಲಾಗಿರುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಅವೆರಡೂ ಒಟ್ಟಿಗೆ ಬಂದಾಗ, ಚಲಿಸುವ ವಸ್ತುವಿನ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಳ್ಳುತ್ತದೆ. ನಮ್ಮ ವಿಡಿಯೊದಲ್ಲಿ ಅಮ್ಮ ಆರತಿ ತಟ್ಟೆಯನ್ನು ಎತ್ತಿದ ಕೂಡಲೇ ಬಳೆಗಳೂ ಸೀರೆಯ ಜರಿಯಂಚೂ ಹೀಗೆಯೇ ಸೀಳಿಹೋಗಿದ್ದವು. ಹ್ಯಾಂಡ್‌ಬ್ರೇಕಿನ ಫಿಲ್ಟರ್ಸ್ ವಿಭಾಗದಲ್ಲಿ ಈ ಸೀಳನ್ನು ಹೋಗಲಾಡಿಸುವ ಯಾಡಿಫ್ ಅನ್ನು ಆರಿಸಿ, ಅದರೊಳಗೆ ಎರಡು ಪಾಲುಗಳನ್ನೂ ಬೇರೆ ಬೇರೆ ಚಿತ್ರವಾಗಿಸುವ ಬಾಬ್ ಎಂಬುದನ್ನು ಒತ್ತಿ, ಫ್ರೇಮ್ ದರವನ್ನು (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದನ್ನು) 50ಕ್ಕೆ ಇಟ್ಟಾಗ ತಟ್ಟೆ ನುಣುಪಾಗಿ ಸುತ್ತಿತು. ಇದನ್ನು ಮೂಲ ಉಳಿದಿರುವಾಗಲೇ ಮಾಡಬೇಕು. ಸೀಳಿದ ಗೆರೆಗಳೊಂದಿಗೆ ಒಮ್ಮೆ ಎನ್‌ಕೋಡ್ ಆದ ಚಿತ್ರವನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಹ್ಯಾಂಡ್‌ಬ್ರೇಕಿನಲ್ಲಿ ಧ್ವನಿಗೆ ಪಾಸ್‌ಥ್ರೂ (ಬದಲಿಸದೆ ಹಾಗೆಯೇ ದಾಟಿಸುವ ಆಯ್ಕೆ) ಕೊಟ್ಟರೆ ನಾದಸ್ವರ, ಡೋಲುಗಳು ಮೂಲದಲ್ಲಿದ್ದಂತೆಯೇ ಉಳಿಯುತ್ತವೆ. ಮೂಲದ ಧ್ವನಿ ಪಿಸಿಎಂ (ಸಂಕುಚಿಸದ ಧ್ವನಿ) ಆಗಿದ್ದರೆ ಎಎಸಿ ಎಂಬ ಸಂಕುಚಿತ ರೂಪಕ್ಕೆ ಬದಲಿಸಿ, 192 ಕೆಬಿಪಿಎಸ್ ಇಟ್ಟರೆ ಸಾಕು.

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕುಗಳ ವಿಷಯ ಬೇರೆ. ಅವುಗಳಿಗೆ ಎಎಸಿಎಸ್ ಎಂಬ ರಕ್ಷಣೆ ಇರುತ್ತದೆ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಅಂಥ ರಕ್ಷಣೆಯನ್ನು ಮುರಿಯುವುದು, ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ ಅಪರಾಧ.

ಇಡೀ ಕಡತಕ್ಕೆ ಕೈಹಾಕುವ ಮೊದಲು ಹ್ಯಾಂಡ್‌ಬ್ರೇಕಿನಲ್ಲಿ ಸೆಕೆಂಡುಗಳ ವ್ಯಾಪ್ತಿ ನಿಗದಿಪಡಿಸಿ ಒಂದು ನಿಮಿಷದ ತುಣುಕನ್ನು ಮಾಡಿ ನೋಡಬೇಕು. ಧಾರೆಯ ಹೊತ್ತನ್ನೇ ಆರಿಸುವುದು ಒಳ್ಳೆಯದು: ನೀರು ಸುರಿಯುತ್ತಿರುತ್ತದೆ, ಅಕ್ಷತೆ ಹಾರುತ್ತಿರುತ್ತದೆ, ಗಟ್ಟಿಮೇಳ ಜೋರಾಗಿರುತ್ತದೆ. ಅಕ್ಷತೆಯ ಕಾಳುಗಳು ಕಲಸಿಹೋಗದೆ ಬಿಡಿಬಿಡಿಯಾಗಿ ಕಂಡರೆ ಅದೇ ಸೆಟ್ಟಿಂಗಿನಲ್ಲಿ ಇಡೀ ವಿಡಿಯೊವನ್ನು ರಾತ್ರಿ ಪರಿವರ್ತನೆಗೆ ಹಚ್ಚಿ ಮಲಗಬಹುದು.