ಹುಳಿ ಪ್ಲಮ್‌ನ ಪರಿಮಳವನ್ನು ನಾನು ಕಟ್ಟಿದ್ದು ಹೀಗೆ

ಮಲ್ಲಿಗೆ, ಗುಲಾಬಿಯಿಂದ ತೆಗೆದ ಹಾಗೆ ಪ್ಲಮ್ ಹಣ್ಣಿನಿಂದ ಸುಗಂಧದ ಎಣ್ಣೆ ತೆಗೆಯೋಕೆ ಆಗುವುದಿಲ್ಲ. ಪರ್ಫ್ಯೂಮ್ ಡಬ್ಬದ ಮೇಲೆ ಪ್ಲಮ್ ಅಂತ ಬರೆದಿದ್ದರೆ, ಅದು ಬೇರೆ ಬೇರೆ ವಸ್ತು ಸೇರಿಸಿ ಕಟ್ಟಿದ ವಾಸನೆ. ಇದಕ್ಕೆ ಅಕಾರ್ಡ್ ಅನ್ನುತ್ತಾರೆ.

ನನಗೆ ಬೇಕಿದ್ದದ್ದು ಸಾಂಟಾ ರೋಸಾ ತಳಿಯ ವಾಸನೆ. ಕ್ಯಾಲಿಫೋರ್ನಿಯಾದಲ್ಲಿ ಲೂಥರ್ ಬರ್ಬ್ಯಾಂಕ್ 1906ರಲ್ಲಿ ಹೊರತಂದ ತಳಿ ಇದು. ಈಗ ಹಿಮಾಚಲದಲ್ಲಿ ಚೆನ್ನಾಗಿ ಬೆಳೆಯುತ್ತಾರೆ, ಮಳೆ ಶುರುವಾಗೋ ಹೊತ್ತಿಗೆ ನಮ್ಮ ರಸೆಲ್ ಮಾರ್ಕೆಟ್‌ಗೂ ಬರುತ್ತದೆ. ತಿರುಳು ಸಿಹಿ. ಸಿಪ್ಪೆ ಮಾತ್ರ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಆ ಸಿಪ್ಪೆಯೇ ನನಗೆ ಬೇಕಿತ್ತು.

ಪರ್ಫ್ಯೂಮ್ ಲೋಕದ ಹೆಸರುವಾಸಿ ಪ್ಲಮ್ ಇದಕ್ಕೆ ಪೂರ್ತಿ ಉಲ್ಟಾ. ಎಡ್ಮಂಡ್ ರುಡ್ನಿಟ್ಸ್ಕಾ ರೋಶಾ ಕಂಪನಿಗೆ ಮಾಡಿದ, 1944ರಲ್ಲಿ ಹೊರಬಂದ ಫಾಮ್ ಅನ್ನೋ ಪರ್ಫ್ಯೂಮ್‌ನಲ್ಲಿ ಪ್ರುನಾಲ್ ಅನ್ನೋ ಸಿದ್ಧ ಮಿಶ್ರಣ ಇತ್ತು. ಅದು ಒಣಗಿಸಿದ ಪ್ಲಮ್, ಮಸಾಲೆ, ಗಾಢವಾದ ಸಿಹಿ. ತುಂಬಾ ಚೆಂದ, ಆದರೆ ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಅಂಥದ್ದನ್ನು ಮೈಮೇಲೆ ಹಾಕಿಕೊಳ್ಳೋದು ನನ್ನ ಕೈಲಾಗದು.

ಈಗ ಮುಖ್ಯ ವಿಷಯ. ಹುಳಿಗೆ ವಾಸನೆಯೇ ಇಲ್ಲ! ಪ್ಲಮ್‌ಗೆ ಹುಳಿ ಕೊಡೋದು ಮ್ಯಾಲಿಕ್ ಆಸಿಡ್. ಅದು ಆವಿಯಾಗಿ ಮೂಗಿಗೆ ಬರುವುದಿಲ್ಲ, ನಾಲಿಗೆಗೆ ಮಾತ್ರ ಗೊತ್ತಾಗುತ್ತದೆ. ಆದರೂ ಮಾವಿನಕಾಯಿ ಹೆಚ್ಚುವಾಗ ಪಕ್ಕದ ಕೋಣೆಯಲ್ಲಿ ಕೂತವರ ಬಾಯಲ್ಲೂ ನೀರೂರುತ್ತದೆ ಅಲ್ವಾ? ಮೂಗಿಗೆ ಬಂದದ್ದು ಕಾಯಿಯ ಹಸಿರು ವಾಸನೆ, ಹುಳಿಯನ್ನು ನೆನಪು ಸೇರಿಸಿಕೊಂಡಿತು. ನಾನು ಹಿಡಿದದ್ದು ಇದೇ ದಾರಿ: ಸಿಹಿ ಕೊಡೋ ವಸ್ತುಗಳನ್ನು ತಗ್ಗಿಸೋದು, ಕಾಯಿತನ ಕೊಡೋದನ್ನು ಏರಿಸೋದು. ನಿಂಬೆ, ಬರ್ಗಮಾಟ್ ಎಣ್ಣೆಗಳ ಹತ್ತಿರವೂ ಹೋಗಲಿಲ್ಲ. ಅವು ಹಾಕಿದ ಕೂಡಲೇ ಮೂಗು ನಿಂಬೆ ಅಂತ ಗುರುತು ಹಿಡಿಯುತ್ತದೆ, ಪ್ಲಮ್ ಮರೆಯಾಗುತ್ತದೆ.

ಪ್ಲಮ್‌ನ ಬೆನ್ನೆಲುಬು ಡಮಾಸ್ಕೋನ್‌ಗಳು. ಈ ಗುಂಪಿನ ಸುಗಂಧ ವಸ್ತುಗಳು ಮೊದಲು ಬೆಳಕಿಗೆ ಬಂದದ್ದು ಬಲ್ಗೇರಿಯಾದ ಗುಲಾಬಿ ಎಣ್ಣೆಯ ಅಧ್ಯಯನದಲ್ಲಿ, 1970ರ ಸುಮಾರಿಗೆ. ಬೀಟಾ ಡಮಾಸ್ಕೋನ್ ಜಾಮ್ ಕಡೆ ವಾಲುತ್ತದೆ, ಆಲ್ಫಾದಲ್ಲಿ ಸೇಬಿನ ಚುರುಕು ಇದೆ, ಹಾಗಾಗಿ ನಾನು ಆಲ್ಫಾ ಆರಿಸಿದೆ. ಸ್ಟೈರಾಲಿಲ್ ಅಸಿಟೇಟ್ ಸಿಪ್ಪೆಯ ಚೂಪು ಕೊಡುತ್ತದೆ, ನನ್ನ ಪ್ರಕಾರ ಹುಳಿಯ ಭ್ರಮೆ ಹುಟ್ಟಿಸೋದರಲ್ಲಿ ಅರ್ಧ ಕೆಲಸ ಇದರದ್ದೇ. ಸಿಸ್-3-ಹೆಕ್ಸೆನೈಲ್ ಅಸಿಟೇಟ್ ಕಾಯಿಯ ಹಸಿರಿಗೆ. ಹಣ್ಣಿನ ಮೇಲೆ ಬೂದಿ ಬಳಿದ ಹಾಗೆ ತೆಳು ಬಿಳಿ ಪದರ ಇರುತ್ತಲ್ಲ, ಅದನ್ನು ಸೂಚಿಸೋಕೆ ಬೀಟಾ ಅಯನೋನ್. ಓಟೆಯ ಕಹಿಗೆ ಒಂದು ಪರ್ಸೆಂಟ್ ದ್ರಾವಣದಲ್ಲಿ ಬೆಂಝಾಲ್ಡಿಹೈಡ್, ಇದ್ದೂ ಇಲ್ಲದ ಹಾಗೆ. ಪೀಚ್ ವಾಸನೆಯ ಗಾಮಾ ಡೆಕಾಲ್ಯಾಕ್ಟೋನ್ ಇಲ್ಲದೆ ತಿರುಳು ಬರೋದಿಲ್ಲ, ಆದರೆ ಕೈ ಬಿಗಿ ಹಿಡಿದು ಹಾಕಬೇಕು. ಉಳಿದದ್ದು ಹೂವಿನ ವಾಸನೆಯ ಲಿನಲೂಲ್, ಹೆಡಿಯೋನ್.

ಎಲ್ಲದರ ತಳಕ್ಕೆ ಸೀಡರ್, ಅಂದರೆ ದೇವದಾರು ಜಾತಿಯ ಒಣ ಮರದ ವಾಸನೆ ಇಟ್ಟೆ. ಪ್ಲಮ್ ಮತ್ತು ಸೀಡರ್ ಎಷ್ಟು ಹೊಂದುತ್ತವೆ ಅನ್ನೋದನ್ನು 1992ರಲ್ಲಿ ಜಪಾನಿನ ಶಿಸೈಡೋ ಕಂಪನಿಯ ಫೆಮಿನಿಟೆ ದ್ಯು ಬುವಾ ಅನ್ನೋ ಪರ್ಫ್ಯೂಮ್ ತೋರಿಸಿಕೊಟ್ಟಿದೆ. ಒಣ ಮರ ಸಿಹಿಯನ್ನು ಹೀರಿಕೊಳ್ಳುತ್ತದೆ, ಹುಳಿ ಇನ್ನಷ್ಟು ಎದ್ದು ಕಾಣುತ್ತದೆ.

ಎಲ್ಲವನ್ನೂ ತೂಕದಲ್ಲೇ ಅಳೆಯಿರಿ, ಹನಿ ಲೆಕ್ಕ ಬೇಡ. ಡಮಾಸ್ಕೋನ್ ವಿಷಯದಲ್ಲಂತೂ ಹುಷಾರಾಗಿರಬೇಕು. ಅದು ಚರ್ಮಕ್ಕೆ ಅಲರ್ಜಿ ತರಬಹುದು, ಸುಗಂಧ ಉದ್ಯಮದ ಸಂಸ್ಥೆ ಇಫ್ರಾ ಅದಕ್ಕೆ ಕಟ್ಟುನಿಟ್ಟಿನ ಮಿತಿ ಇಟ್ಟಿದೆ. ನಾನು 10 ಪರ್ಸೆಂಟ್ ದ್ರಾವಣ ಮಾಡಿಕೊಂಡು, ಅದನ್ನು 100 ಗ್ರಾಂ ಅಕಾರ್ಡ್‌ಗೆ 4 ಗ್ರಾಂ ಹಾಕುತ್ತೇನೆ. ಆ ಅಕಾರ್ಡ್ ಪರ್ಫ್ಯೂಮ್‌ನಲ್ಲಿ 5 ಪರ್ಸೆಂಟ್ ಇದ್ದರೆ, ಕೊನೆಗೆ ಡಮಾಸ್ಕೋನ್ ಉಳಿಯೋದು 0.02 ಪರ್ಸೆಂಟ್. ಅಷ್ಟೇ ಸಾಕು, ಇಡೀ ಪ್ಲಮ್ ಅದರ ಮೇಲೆ ನಿಲ್ಲುತ್ತದೆ.

ಬೆಂಗಳೂರಲ್ಲಿ ಇರೋರಿಗೆ ಒಂದು ಅನುಕೂಲ ಇದೆ. ಅಗರಬತ್ತಿ ಕೆಲಸ ಇಲ್ಲಿ ಹಳೆಯದು, ಹಾಗಾಗಿ ಸುಗಂಧದ ಕಚ್ಚಾ ವಸ್ತು ಮಾರುವವರು ಇದ್ದಾರೆ. ಸುಮ್ನೆ "ಪ್ಲಮ್ ಕಾಂಪೌಂಡ್ ಕೊಡಿ" ಅನ್ನಬೇಡಿ, ಬಿಡಿ ವಸ್ತುಗಳ ಹೆಸರು ಹೇಳಿ ಕೇಳಿ. ದ್ರಾವಣಕ್ಕೆ ಡಿಪಿಜಿ (ಡೈಪ್ರೊಪಿಲೀನ್ ಗ್ಲೈಕಾಲ್ ಅನ್ನೋ ದ್ರಾವಕ) ಬೇಕು ಅಂತಲೂ ಸ್ಪಷ್ಟವಾಗಿ ಹೇಳಿ, ಅಗರಬತ್ತಿಗೆ ಬಳಸೋದು ಸಾಮಾನ್ಯವಾಗಿ ಡಿಇಪಿ (ಡೈಈಥೈಲ್ ಥ್ಯಾಲೇಟ್) ಅನ್ನೋ ಬೇರೆ ದ್ರಾವಕ.

ಮೂಸಿ ನೋಡೋದು ಬೆಳಿಗ್ಗೆ, ಒಗ್ಗರಣೆಗೆ ಮುಂಚೆ. ಕಾಗದದ ಪಟ್ಟಿಯ ಮೇಲೆ ಮೊದಲ ನಿಮಿಷ ಹಸಿರು ಜೋರಾಗಿರುತ್ತದೆ, ಅದನ್ನು ನೋಡಿ ಕಡಿಮೆ ಮಾಡಬೇಡಿ. ಆ ಹಸಿರು ಬೇಗ ಹಾರುತ್ತದೆ, ಹುಳಿ ಪ್ಲಮ್ ಕೂರೋದು ಅದಾದ ಮೇಲೆ. ಇದಕ್ಕೆ ಸುಗಂಧರಾಜ ಜೊತೆಯಾದರೆ ಬಹಳ ಚೆನ್ನಾಗಿರುತ್ತದೆ. ವೆನಿಲ್ಲಾ ಸೇರಿಸಿದರೆ ಮಾತ್ರ ಮತ್ತೆ ಜಾಮ್ ಬಾಟಲಿಯೇ.