ಬೇಕೆಂದಾಗ ಒಡೆಯುವ ಎಮಲ್ಷನ್

ತಿಪಟೂರಿನ ಕೊಬ್ಬರಿ ಎಣ್ಣೆ, ಕೆನೆ ತೆಗೆದ ಹಾಲು, ಒಂದು ಪುಟ್ಟ ಸೀಸೆ ಲೈಪೇಸ್, ಅಂದರೆ ಕೊಬ್ಬನ್ನು ಒಡೆಯುವ ಕಿಣ್ವ. ತುಮಕೂರಿನ ನಮ್ಮ ಲ್ಯಾಬಿನಲ್ಲಿ ನಾನು ಶುರುಮಾಡಿದ್ದು ಇಷ್ಟರಿಂದಲೇ. ಎಣ್ಣೆಯಿಂದ ಲಾರಿಕ್ ಆಮ್ಲ ಬಿಡಿಸಬೇಕಿತ್ತು. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧ ಅದೇ.

ಲೈಪೇಸ್ ಕೆಲಸ ಮಾಡುವುದು ಎಣ್ಣೆ, ನೀರು ಸೇರುವ ಗಡಿಯಲ್ಲಿ. ಬರೀ ಕಲಕಿದರೆ, ನಿಲ್ಲಿಸಿದ ಕೂಡಲೇ ಎಣ್ಣೆ ಮೇಲೆ ಬಂದು ಗಡಿ ಕುಗ್ಗುತ್ತದೆ. ಎಣ್ಣೆ, ನೀರನ್ನು ಬೆರೆಸಿಡುವ ಟ್ವೀನ್ ಎಂಬ ರಾಸಾಯನಿಕ ಹಾಕಿ ನೋಡಿದೆ. ಎಮಲ್ಷನ್ (ನೀರಿನಲ್ಲಿ ಎಣ್ಣೆಯ ಸಣ್ಣ ಹನಿಗಳು ಹರಡಿದ ಮಿಶ್ರಣ) ಚೆನ್ನಾಗಿ ನಿಂತಿತು, ಆದರೆ ಕೆಲಸ ಮುಗಿದ ಮೇಲೂ ಬಿಡಲೊಲ್ಲದು. ಎಣ್ಣೆ ಕೈಗೆ ಬರಲಿಲ್ಲ, ದುಬಾರಿ ಕಿಣ್ವವೂ ಅದರ ಜೊತೆಗೇ ಹೋಯಿತು. ಆಗ ಹೊಳೆದದ್ದು ಹಾಲಿನ ಪ್ರೋಟೀನಾದ ಕೇಸೀನ್. ಹೋಮೋಜನೈಸ್ ಆದ, ಅಂದರೆ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆದ ಹಾಲಿನಲ್ಲಿ ಕೊಬ್ಬಿನ ಹನಿಗಳಿಗೆ ಹೊದಿಕೆಯಾಗುವುದು ಬಹುಪಾಲು ಅದೇ. ಹುಳಿ ಬಿದ್ದರೆ ಒಡೆಯುವುದೂ ಅದೇ.

ಹಾಲನ್ನು 40 ಡಿಗ್ರಿಗೆ ಬಿಸಿ ಮಾಡಿ, ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6 ಬರುವವರೆಗೆ ವಿನೆಗರ್ ಬಿಟ್ಟೆ. ಇಳಿದ ಗಸಿಯನ್ನು ತೊಳೆದು, ತೆಳು ಕಾಸ್ಟಿಕ್ ಸೋಡಾದಲ್ಲಿ ಪಿಎಚ್ 7ಕ್ಕೆ ಕರಗಿಸಿದರೆ ಸೋಡಿಯಂ ಕೇಸಿನೇಟ್. ಅದರ ಶೇ 2ರ ದ್ರಾವಣಕ್ಕೆ ಲೈಪೇಸ್ ಸೇರಿಸಿ, ಅಷ್ಟೇ ಎಣ್ಣೆ ಹಾಕಿ ಹೋಮೋಜನೈಸರ್‌ನಲ್ಲಿ ತಿರುಗಿಸಿದೆ. ಗಟ್ಟಿ ಹಾಲಿನಂಥ ಎಮಲ್ಷನ್ ಆಯಿತು. ಆಮ್ಲ ಬಿಡುಗಡೆಯಾದಂತೆ ಪಿಎಚ್ ಇಳಿದು ಹನಿಗಳು ಅಕಾಲದಲ್ಲೇ ಗುಂಪುಗೂಡುತ್ತವೆ, ಹಾಗಾಗಿ ಪಕ್ಕದಲ್ಲೇ ಕೂತು ಕ್ಷಾರವನ್ನು ಹನಿಹನಿಯಾಗಿ ಬಿಡುತ್ತಿದ್ದೆ.

ಒಡೆಯುವ ಹೊತ್ತಿಗೆ ಆತುರಪಟ್ಟೆ. ಆಮ್ಲ ಹೆಚ್ಚಾಗಿ ಪಿಎಚ್ 3ಕ್ಕೆ ಜಾರಿತು. ನೋಡಿದರೆ ಎಮಲ್ಷನ್ ಒಡೆಯದೆ ಹಾಗೇ ನಿಂತಿದೆ! ಕಾರಣ ಆಮೇಲೆ ತಿಳಿಯಿತು. 4.6ರ ಹತ್ತಿರ ಕೇಸೀನಿನ ಒಟ್ಟು ವಿದ್ಯುದಂಶ ಸೊನ್ನೆಯಾಗಿ ಕಣಗಳು ಒಂದಕ್ಕೊಂದು ಅಂಟುತ್ತವೆ. ಅದಕ್ಕಿಂತ ಕೆಳಗೆ ಹೋದರೆ ಧನ ವಿದ್ಯುದಂಶ ಬಂದು ಮತ್ತೆ ಒಂದನ್ನೊಂದು ದೂರ ತಳ್ಳುತ್ತವೆ. ಈಗ ಕೊನೆಯ ಹನಿಗಳನ್ನು ಎಣಿಸಿ ಬಿಡುತ್ತೇನೆ.

ಸರಿಯಾದ ಪಿಎಚ್‌ನಲ್ಲೂ ಎಣ್ಣೆ ತಾನಾಗಿ ಪೂರ್ತಿ ಬಿಡುವುದಿಲ್ಲ. ಬೆಚ್ಚಗಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ವೇಗವಾಗಿ ತಿರುಗಿಸಿ ಬೇರ್ಪಡಿಸಬೇಕು. ಡಿಸೆಂಬರ್ ಬೆಳಗುಗಳಲ್ಲಂತೂ ಬೆಚ್ಚಗಿಡಲೇಬೇಕು, ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಮೇಲೆ ಆಮ್ಲ ತುಂಬಿದ ಎಣ್ಣೆ, ತಳದಲ್ಲಿ ಕೇಸೀನ್, ಅದರೊಳಗೆ ಸಿಕ್ಕಿಕೊಂಡ ಲೈಪೇಸ್. ಆ ಗಸಿಯನ್ನೇ ಪಿಎಚ್ 7ಕ್ಕೆ ಕರಗಿಸಿ ಹೊಸ ಎಣ್ಣೆ ಹಾಕಿದೆ. ಎರಡನೇ ಸಲವೂ ಟೈಟ್ರೇಶನ್‌ನಲ್ಲಿ (ಕ್ಷಾರ ಬಿಟ್ಟು ಆಮ್ಲ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಗುಲಾಬಿ ಬಣ್ಣ ಬರಲು ಹೆಚ್ಚು ಕ್ಷಾರ ಬೇಕಾದಾಗ ಆದ ಸಂತೋಷ ಹೇಳತೀರದು. ಕಿಣ್ವ ಇನ್ನೂ ಬದುಕಿತ್ತು.

ನಾಲ್ಕನೇ ಸುತ್ತಿಗೆ ಕ್ಷಾರದ ಲೆಕ್ಕ ಇಳಿಯಿತು, ಅಂದರೆ ಬಿಡಿಸಿದ ಆಮ್ಲ ಕಡಿಮೆಯಾಯಿತು. ಪ್ರತಿ ಸುತ್ತಿನ ಆಮ್ಲ, ಕ್ಷಾರ ಸೇರಿ ಉಪ್ಪು ಕೂಡುತ್ತಾ ಹೋಗುತ್ತದೆ. ತಿಳಿನೀರಿನ ಜೊತೆ ಒಂದಿಷ್ಟು ಲೈಪೇಸ್ ಕೂಡ ಹೋಗುತ್ತಿರಬೇಕು ಎಂದು ನನ್ನ ಗುಮಾನಿ. ಈ ವಾರದಿಂದ ಗಸಿಯನ್ನು ಪಿಎಚ್ 4.6ರ ತಣ್ಣೀರಿನಲ್ಲಿ ಒಂದು ಸಲ ತೊಳೆದು, ಆ ತೊಳೆದ ನೀರನ್ನೂ ಬೇರೆಯಾಗಿ ಪರೀಕ್ಷಿಸುತ್ತಿದ್ದೇನೆ.