ದಾವಣಗೆರೆಯಲ್ಲಿ ಕಾಲೇಜು ಹಾಸ್ಟೆಲ್ ಆರಿಸುವ ಮುನ್ನ

ಕಾಲೇಜಿನಲ್ಲಿ ಸೀಟು ಖಚಿತವಾದ ದಿನವೇ ಹಾಸ್ಟೆಲ್ ಅರ್ಜಿಯೂ ಕೈಗೆ ಬರುತ್ತದೆ. ಶುಲ್ಕದ ಸರದಿಯಲ್ಲಿ ನಿಂತೇ ಪಾಲಕರು ಅದರಲ್ಲಿನ ಮೊತ್ತಗಳನ್ನು ಓದಿ, ಇಬ್ಬರ ಕೊಠಡಿಯೋ ಮೂವರ ಕೊಠಡಿಯೋ ಎಂದು ಗುರುತು ಹಾಕಿ ಸಹಿ ಮಾಡುತ್ತಾರೆ. ಈ ಆತುರ ಬೇಡ. ಹಾಸ್ಟೆಲ್ ಎಂಥದ್ದು ಎಂಬುದು ಅರ್ಜಿಯಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ವಿಚಾರಿಸಿದರೆ ಮಾತ್ರ ತಿಳಿಯುತ್ತದೆ. ನೀರು, ಸ್ನಾನ, ತಿಂಡಿ, ತರಗತಿ ಎಲ್ಲವೂ ಒಂದರ ಮೇಲೊಂದು ಬೀಳುವುದು ಆ ಮೂರು ಗಂಟೆಗಳಲ್ಲಿಯೇ.

ಮೊದಲು ಆವರಣ ಎಲ್ಲಿದೆ ಎಂಬುದನ್ನು ಗಮನಿಸಬೇಕು. ಹದಡಿ ರಸ್ತೆಯ ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಾಗಲಿ, ಶಾಮನೂರು ರಸ್ತೆಯ ಬಾಪೂಜಿ ಎಂಜಿನಿಯರಿಂಗ್ ಕಾಲೇಜಾಗಲಿ ಊರಿಗೆ ಅಂಟಿಕೊಂಡೇ ಇರುವುದರಿಂದ, ಒಂದು ದಿನ ಮೆಸ್ಸಿನ ಊಟ ರುಚಿಸದಿದ್ದರೆ ಹೊರಗೆ ಹೋಗಿ ಬೆಣ್ಣೆದೋಸೆಯನ್ನೋ ಮಿರ್ಚಿ ಮಂಡಕ್ಕಿಯನ್ನೋ ತಿಂದು ಬರಬಹುದು. 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ ಆವರಣ ಊರಾಚೆ ತೋಳಹುಣಸೆಯಲ್ಲಿದೆ. ಅಂತಹ ಕಡೆ ರಾತ್ರಿ ಎಂಟರ ಮೇಲೆ ಮೆಸ್ಸೇ ಗತಿ. ಆದ್ದರಿಂದ ಊರಾಚೆಯ ಆವರಣವಾದರೆ ಕೊಠಡಿಗಿಂತ ಮೆಸ್ಸಿಗೂ, ಊರೊಳಗಿನದಾದರೆ ಓದಿಗೆ ಬೇಕಾದ ನಿಶ್ಶಬ್ದಕ್ಕೂ ಹೆಚ್ಚು ತೂಕ ಕೊಡುವುದು ಸರಿ.

ಕೊಠಡಿ ನೋಡಲು ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ, "ಮೊದಲ ವರ್ಷದವರಿಗೆ ಕೊಡುವುದು ಇದೇ ಬ್ಲಾಕೇ?" ಎಂಬುದು. ಒಂದೇ ಆವರಣದಲ್ಲಿ ಹಳೆಯ ಮತ್ತು ಹೊಸ ಕಟ್ಟಡಗಳೆರಡೂ ಇರಬಹುದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ರ‍್ಯಾಗಿಂಗ್ ತಡೆ ನಿಯಮಾವಳಿಯು ಹೊಸಬರನ್ನು ಸಾಧ್ಯವಾದಷ್ಟು ಮಟ್ಟಿಗೆ ಪ್ರತ್ಯೇಕ ಬ್ಲಾಕಿನಲ್ಲಿ ಇರಿಸಬೇಕೆಂದು ಹೇಳುತ್ತದೆ. ನಿಯಮವೇನೋ ಒಳ್ಳೆಯದೇ, ಆದರೆ ಇದರಿಂದಾಗಿ ನಿಮಗೆ ತೋರಿಸಿದ ಕೊಠಡಿಯೂ ನಿಮಗೆ ಸಿಗುವ ಕೊಠಡಿಯೂ ಬೇರೆಯಾಗಿರಬಹುದು. ಹೋಲಿಸುವುದಾದರೆ ಸಿಗುವ ಬ್ಲಾಕನ್ನೇ ನೋಡಿ ಹೋಲಿಸಬೇಕು.

ಇನ್ನು ನೀರಿನ ವಿಚಾರ. ಒಂದು ಅಂತಸ್ತಿನಲ್ಲಿ ಎಷ್ಟು ಮಂದಿ ಇರುತ್ತಾರೆ, ಬಳಕೆಯಲ್ಲಿರುವ ಸ್ನಾನಗೃಹಗಳು ಎಷ್ಟು ಎಂದು ಎಣಿಸಿಕೊಳ್ಳಿ. ಚಿಲಕ ಮುರಿದದ್ದನ್ನೂ ನೀರು ಕಟ್ಟಿಕೊಂಡದ್ದನ್ನೂ ಲೆಕ್ಕಕ್ಕೆ ಸೇರಿಸಬೇಡಿ. ಇಪ್ಪತ್ತನಾಲ್ಕು ಮಂದಿಗೆ ನಾಲ್ಕು ಸ್ನಾನಗೃಹಗಳಿದ್ದು, ಒಬ್ಬೊಬ್ಬರಿಗೆ ಹತ್ತು ನಿಮಿಷ ಹಿಡಿದರೆ ಎಲ್ಲರ ಸ್ನಾನ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಅದೇ ನಾಲ್ಕಕ್ಕೆ ನಲವತ್ತೆಂಟು ಮಂದಿಯಾದರೆ ಎರಡು ಗಂಟೆ ಬೇಕು, ಕೊನೆಯವನು ತಿಂಡಿ ಬಿಟ್ಟು ಪ್ರಯೋಗಾಲಯಕ್ಕೆ ಓಡಬೇಕು. ಸೋಲಾರ್ ಬಿಸಿನೀರು ಇದೆ ಎಂದು ಹೇಳಿದರೆ ಮಳೆಗಾಲದ ಮೋಡದ ದಿನಗಳಲ್ಲಿ ಏನು ವ್ಯವಸ್ಥೆ ಎಂದು ಕೇಳಿ. ಟ್ಯಾಂಕಿಗೆ ಬರುವುದು ನಗರಪಾಲಿಕೆಯ ನೀರೋ, ಬೋರ್‌ವೆಲ್ ನೀರೋ ಎಂಬುದನ್ನೂ ತಿಳಿದುಕೊಳ್ಳಿ. ಗಡಸು ನೀರಾದರೆ ಸಾಬೂನು ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿಕೊಂಡಿರುತ್ತದೆ. ಯಾರನ್ನೂ ಕೇಳದೆಯೇ ಹಳೆಯ ಬಕೆಟ್ಟೊಂದನ್ನು ನೋಡಿದರೆ ಉತ್ತರ ಸಿಗುತ್ತದೆ.

ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗೆ ಹಗಲಿನ ಬಿಸಿಲು 35 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಓದುವ ಕಾಲದಲ್ಲಿ ನಾನು ಗಾಳಿ ಚೆನ್ನಾಗಿ ಬರುತ್ತದೆಂದು ನಂಬಿ ಮೇಲಿನ ಅಂತಸ್ತಿನ ಪಶ್ಚಿಮ ಮೂಲೆಯ ಕೊಠಡಿಯನ್ನು ಹಟಮಾಡಿ ಪಡೆದೆ. ಏಪ್ರಿಲ್ ಬಂದಾಗ, ಹಗಲೆಲ್ಲ ಕಾದ ತಾರಸಿಯು ರಾತ್ರಿ ಹನ್ನೊಂದಾದರೂ ತಣಿಯದೆ, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದುದರಿಂದ ಪರೀಕ್ಷೆಯ ಓದನ್ನೆಲ್ಲ ಕೆಳಗಿನ ಗೆಳೆಯನ ಕೊಠಡಿಯಲ್ಲಿ ಮಾಡಬೇಕಾಯಿತು. ನೆತ್ತಿಯ ಮೇಲೆ ಇನ್ನೊಂದು ಅಂತಸ್ತು ಇರುವ, ಕಿಟಕಿ ಉತ್ತರಕ್ಕೋ ಪೂರ್ವಕ್ಕೋ ತೆರೆಯುವ ಕೊಠಡಿ ಸಿಕ್ಕರೆ ಬಿಡಬೇಡಿ.

ಒಂದು ಕೊಠಡಿಗೆ ಇಬ್ಬರೋ, ಮೂವರೋ ಎಂಬ ಪ್ರಶ್ನೆಗೆ ಜನ ಕೊಡುವಷ್ಟು ಮಹತ್ವವನ್ನು ನಾನು ಕೊಡಲಾರೆ. ಇಕ್ಕಟ್ಟಾದ ಕೊಠಡಿಯ ಇಬ್ಬರಿಗಿಂತ ವಿಶಾಲ ಕೊಠಡಿಯ ಮೂವರೇ ನೆಮ್ಮದಿಯಾಗಿರಬಹುದು. ಪ್ರತಿಯೊಬ್ಬನಿಗೂ ಬೀಗ ಹಾಕಬಹುದಾದ ಕಪಾಟು, ಒಂದು ಮೇಜು, ಒಂದು ಪ್ಲಗ್ ಪಾಯಿಂಟ್ ಇವೆಯೇ ಎಂದು ನೋಡಿದರೆ ಸಾಕು.

ಶುಲ್ಕದ ಹೋಲಿಕೆಯಲ್ಲಿ ಎಡವುವುದು ಸಾಮಾನ್ಯವಾಗಿ ಮೆಸ್ಸಿನ ಲೆಕ್ಕದಲ್ಲಿ. ಕೆಲವು ಹಾಸ್ಟೆಲುಗಳು ವರ್ಷಕ್ಕೆ ಇಂತಿಷ್ಟು ಎಂದು ಊಟ, ವಸತಿ ಎರಡನ್ನೂ ಸೇರಿಸಿ ಒಂದೇ ಮೊತ್ತ ಕಟ್ಟಿಸಿಕೊಳ್ಳುತ್ತವೆ. ಇನ್ನು ಕೆಲವೆಡೆ ಡಿವೈಡಿಂಗ್ ಪದ್ಧತಿ ಇರುತ್ತದೆ: ತಿಂಗಳಿಡೀ ದಿನಸಿ, ತರಕಾರಿ, ಗ್ಯಾಸು, ಅಡುಗೆಯವರ ಸಂಬಳಕ್ಕೆ ಆದ ಖರ್ಚನ್ನು ಒಟ್ಟು ಮಾಡಿ ಉಂಡವರ ಹಾಜರಿಯ ಮೇಲೆ ಹಂಚುತ್ತಾರೆ. ಉದಾಹರಣೆಗೆ ಮೊದಲನೆಯ ಕಡೆ ವರ್ಷಕ್ಕೆ ಒಟ್ಟು 62,000 ರೂಪಾಯಿ, ಎರಡನೆಯ ಕಡೆ ಕೊಠಡಿಗೆ 24,000 ಮತ್ತು ತಿಂಗಳಿಗೆ ಸರಾಸರಿ 3,200ರಂತೆ ಹತ್ತು ತಿಂಗಳ ಮೆಸ್ ಬಿಲ್ ಎಂದಿಟ್ಟುಕೊಳ್ಳಿ. ಎರಡನೆಯದು 56,000 ಆಗುತ್ತದೆ, ಅಂದರೆ ಆರು ಸಾವಿರ ಅಗ್ಗ. ಆದರೆ ಮೊದಲನೆಯದರಲ್ಲಿ ಬೆಲೆ ಏರಿದರೂ ವರ್ಷದ ನಡುವೆ ಹೆಚ್ಚು ಕಟ್ಟಬೇಕಾಗಿಲ್ಲ. ಎರಡನೆಯದರಲ್ಲಿ ಈರುಳ್ಳಿ, ಎಣ್ಣೆಗಳ ಬೆಲೆ ಏರಿದ ತಿಂಗಳೇ ಬಿಲ್ಲೂ ಏರುತ್ತದೆ.

ರಜೆ ಕಡಿತದ ನಿಯಮವನ್ನು ಇದಕ್ಕಿಂತಲೂ ಸೂಕ್ಷ್ಮವಾಗಿ ಓದಬೇಕು. ಸತತವಾಗಿ ಇಷ್ಟು ದಿನ ಊರಿಗೆ ಹೋಗಿದ್ದರೆ ಮಾತ್ರ ಊಟದ ಹಣ ಕಡಿತ ಎಂಬ ಷರತ್ತು ಹಲವು ಕಡೆ ಇರುತ್ತದೆ. ಬೀದರಿನಿಂದಲೋ ಕಾರವಾರದಿಂದಲೋ ಬಂದವನು ಹಬ್ಬಕ್ಕೆ ಹೋದರೆ ವಾರಗಟ್ಟಲೆ ಇರುತ್ತಾನೆ, ಅವನಿಗೆ ಕಡಿತ ಸಿಗುತ್ತದೆ. ಜಗಳೂರು, ಹರಿಹರ, ಚನ್ನಗಿರಿಯ ಹುಡುಗರು ಶನಿವಾರ ಬಸ್ಸು ಹತ್ತಿ ಸೋಮವಾರ ಬೆಳಿಗ್ಗೆ ಮರಳುವವರು. ಐದು ದಿನದ ಷರತ್ತಿದ್ದರೆ ಅವರಿಗೆ ಒಂದು ರೂಪಾಯಿಯೂ ಕಡಿತವಾಗದು. ಮೇಲಿನ ಲೆಕ್ಕದಲ್ಲಿ ದಿನಕ್ಕೆ ಸುಮಾರು 107 ರೂಪಾಯಿ. ತಿಂಗಳಿಗೆ ಎಂಟು ದಿನ ಮನೆಯಲ್ಲಿ ಉಂಡರೆ, ಉಣ್ಣದ ಊಟಕ್ಕೆ 850 ರೂಪಾಯಿಗೂ ಹೆಚ್ಚು ತೆತ್ತಂತಾಯಿತು. ಹತ್ತಿರದೂರಿನವರಿಗೆ ಡಿವೈಡಿಂಗ್ ಮೆಸ್ ಲಾಭವೋ ನಷ್ಟವೋ ಎಂಬುದು ಈ ಒಂದು ಷರತ್ತಿನ ಮೇಲೆ ನಿಂತಿದೆ.

ಊಟದ ಪಟ್ಟಿಯನ್ನು ಗೋಡೆಯ ಮೇಲೆ ಓದುವುದಕ್ಕಿಂತ, ಅನುಮತಿ ಪಡೆದು ವಾರದ ನಡುವಿನ ಒಂದು ರಾತ್ರಿ ಅಲ್ಲಿಯೇ ಊಟ ಮಾಡುವುದು ಮೇಲು. ರೊಟ್ಟಿಯೋ ಮುದ್ದೆಯೋ ವಾರಕ್ಕೆ ಎಷ್ಟು ದಿನ ಇರುತ್ತದೆ, ಎಂಟೂವರೆಗೆ ಬಂದವರಿಗೂ ಪಲ್ಯ ಉಳಿದಿರುತ್ತದೆಯೇ ಎಂಬುದು ಆಗ ತಿಳಿಯುತ್ತದೆ. ವಿದ್ಯಾರ್ಥಿಗಳ ಮೆಸ್ ಸಮಿತಿ ಇದೆಯೇ, ಖರ್ಚಿನ ವಿವರವನ್ನು ಸೂಚನಾ ಫಲಕದಲ್ಲಿ ಹಾಕುತ್ತಾರೆಯೇ ಎಂದು ಎರಡನೆಯ ವರ್ಷದ ವಿದ್ಯಾರ್ಥಿಯನ್ನು ಕೇಳಿ. ವಾರ್ಡನ್ ಹೇಳುವುದಕ್ಕೂ ಅವನು ಹೇಳುವುದಕ್ಕೂ ಅಂತರವಿದ್ದರೆ ಅವನ ಮಾತನ್ನೇ ನಂಬುವುದು ಕ್ಷೇಮ.

ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ನಡೆಸುವ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಲ್ಲಿ ಅರ್ಹರಿಗೆ ಊಟ, ವಸತಿ ಉಚಿತ; ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಸಿದ್ಧವಿರಬೇಕು. ಅಲ್ಲಿ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ವಿದ್ಯಾಸಿರಿ ನೆರವಿನ ಯೋಜನೆಯೂ ಇದೆ. ತೊಡಕೆಂದರೆ, ಆಯ್ಕೆ ಪಟ್ಟಿ ಬರುವ ಹೊತ್ತಿಗೆ ಎಷ್ಟೋ ಸಲ ಕಾಲೇಜಿನ ಪಾಠಗಳು ಆರಂಭವಾಗಿರುತ್ತವೆ. ಆದ್ದರಿಂದ ಅಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರು ಕಾಲೇಜು ಹಾಸ್ಟೆಲಿಗೆ ಹಣ ಕಟ್ಟುವಾಗಲೇ, ನಡುವೆ ಬಿಟ್ಟು ಹೋದರೆ ಕೊಠಡಿ ಶುಲ್ಕದಲ್ಲಿ ಎಷ್ಟು, ಠೇವಣಿಯಲ್ಲಿ ಎಷ್ಟು ಮರಳುತ್ತದೆ ಎಂಬುದನ್ನು ಬಾಯಿಮಾತಿನಲ್ಲಲ್ಲ, ಕಾಗದದಲ್ಲಿ ಪಡೆಯಬೇಕು.

ಗೇಟು ಮುಚ್ಚುವ ಸಮಯ, ಗ್ರಂಥಾಲಯದಿಂದ ತಡವಾಗಿ ಬಂದರೆ ಅನುಮತಿಯ ಕ್ರಮ, ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂಬುದನ್ನು ಕೇಳಿಕೊಳ್ಳಿ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಅದೇ ಕಟ್ಟಡದಲ್ಲಿ ವಾಸವಿದ್ದಾರೆಯೇ ಎಂಬುದು ಮುಖ್ಯ. ರ‍್ಯಾಗಿಂಗ್ ದೂರಿಗೆ ರಾಷ್ಟ್ರೀಯ ಸಹಾಯವಾಣಿ 1800-180-5522. ಇದನ್ನು ಮಗನ ಅಥವಾ ಮಗಳ ಫೋನಿನಲ್ಲಿ ಮೊದಲೇ ಉಳಿಸಿಡಿ.

ಕೊಠಡಿಯ ಕೀಲಿ ಪಡೆಯುವ ದಿನ ಹಗಲಿನಲ್ಲೇ ಹೋಗಿ. ಫ್ಯಾನು, ಟ್ಯೂಬ್‌ಲೈಟು, ಕಿಟಕಿಯ ಚಿಲಕ, ಮಂಚದ ಹಲಗೆ, ಕಪಾಟಿನ ಬಾಗಿಲು ಇವುಗಳಲ್ಲಿ ಕೆಟ್ಟದ್ದು ಯಾವುದೆಂದು ನೋಡಿ, ರಿಜಿಸ್ಟರಿನಲ್ಲಿ ಬರೆಸಿ, ಫೋಟೊ ತೆಗೆದುಕೊಂಡ ಮೇಲೆಯೇ ಸಹಿ ಹಾಕಿ. ಇಲ್ಲವಾದರೆ ನಾಲ್ಕು ವರ್ಷಗಳ ನಂತರ, ನೀವು ಮುರಿಯದ ಮಂಚದ ದುರಸ್ತಿಯ ಹಣ ನಿಮ್ಮ ಠೇವಣಿಯಲ್ಲೇ ಕಳೆದು ಹೋಗುತ್ತದೆ.